ಹಾರಂಗಿ: ನೀರಿಗಾಗಿ ಕಟ್ಟಿದ ಅಣೆಕಟ್ಟು, ಆಮೇಲೆ ಬಂದ ಕರೆಂಟು

ಕೂಡಿಗೆ ಹುಡುಗ:
ಎಲ್ಲರಿಗೂ ನಮಸ್ಕಾರ. ಕಾಲೇಜಿನಲ್ಲಿ ಊರಿನ ಇತಿಹಾಸದ ಬಗ್ಗೆ ಬರೆಯಬೇಕಿದೆ. ನಾನು ಕೊಡಗಿನ ಹಾರಂಗಿ ಜಲಾಶಯ ಮತ್ತು ಅಲ್ಲಿನ ವಿದ್ಯುತ್ ಘಟಕವನ್ನು ಆರಿಸಿಕೊಂಡಿದ್ದೇನೆ. ಹುಡುಕಿದರೆ ಸಿಗುವುದೆಲ್ಲ ಪ್ರವಾಸಿಗಳಿಗೆ ಬೇಕಾದ ಮಾಹಿತಿ, ಪಾರ್ಕಿಂಗ್ ಎಲ್ಲಿ, ಗೇಟು ಎಷ್ಟು ಹೊತ್ತಿಗೆ ತೆರೀತಾರೆ ಅನ್ನೋದು. ನನಗೆ ಬೇಕಿರೋದು ಬೇರೆ. ಅಣೆಕಟ್ಟು ಮುಗಿದದ್ದು 1982ರಲ್ಲಿ, ಕರೆಂಟ್ ತೆಗೆಯೋಕೆ ಶುರು ಮಾಡಿದ್ದು 1999ರಲ್ಲಿ. ನಡುವೆ 17 ವರ್ಷ ಯಾಕೆ ಸುಮ್ಮನಿದ್ದರು? ಇಷ್ಟು ಮಳೆ ಬೀಳೋ, ಇಷ್ಟು ಬೆಟ್ಟ ಇರೋ ಜಿಲ್ಲೆಗೆ ಶರಾವತಿಯಂಥ ಯೋಜನೆ ಯಾಕೆ ಬರಲಿಲ್ಲ? ಮನೆಯಲ್ಲಿ ಅಜ್ಜ ಒಂದು ಹೇಳ್ತಾರೆ, ಮೇಷ್ಟ್ರು ಇನ್ನೊಂದು ಹೇಳ್ತಾರೆ. ಗೊತ್ತಿರುವವರು ದಯವಿಟ್ಟು ಬರೆಯಿರಿ.

ಜಲಮಾಪಕ:
ಒಳ್ಳೆ ವಿಷಯ ಹಿಡಿದಿದ್ದೀಯ ತಮ್ಮ. ನನ್ನ ನೌಕರಿಯೆಲ್ಲ ನೀರಾವರಿ ಕೆಲಸದಲ್ಲೇ ಕಳೆದದ್ದು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಹಾರಂಗಿ ಅರ್ಥವಾಗಬೇಕಾದರೆ ಮೊದಲು ಶಿವನಸಮುದ್ರಕ್ಕೆ ಹೋಗಬೇಕು. ಕಾವೇರಿ ನೀರಿನಿಂದ ಕರೆಂಟ್ ತೆಗೆದದ್ದು ಅಲ್ಲೇ ಮೊದಲು, 1902ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದ ಯೋಜನೆ. ಆ ಕರೆಂಟ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆಗಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ಅಂದರೆ ಗಣಿಗೆ ಮೊದಲು, ಊರಿಗೆ ಆಮೇಲೆ.

ತೊಂದರೆ ಎಲ್ಲಿತ್ತು ಅಂದರೆ ಬೇಸಿಗೆಯಲ್ಲಿ. ತಲಕಾವೇರಿ, ಬ್ರಹ್ಮಗಿರಿ, ಪುಷ್ಪಗಿರಿ ಕಡೆ ಮಳೆ ನಿಂತು ತಿಂಗಳುಗಳು ಕಳೆದ ಮೇಲೆ ಹೊಳೆ ಸೊರಗುತ್ತದೆ, ಟರ್ಬೈನಿಗೆ ನೀರು ಸಾಲುವುದಿಲ್ಲ. ಗಣಿಗೆ ಮಾತ್ರ ಹನ್ನೆರಡು ತಿಂಗಳೂ ಕರೆಂಟ್ ಬೇಕು. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಗೆ ಬಿಡಬೇಕು ಅನ್ನೋ ಒತ್ತಡ ಹುಟ್ಟಿದ್ದು ಹೀಗೆ. ಕನ್ನಂಬಾಡಿ ಕಟ್ಟೆ ಅಂದರೆ ನಮ್ಮ ಕಣ್ಣಿಗೆ ಬರೋದು ಮಂಡ್ಯದ ಗದ್ದೆ, ಆದರೆ 1911ರಲ್ಲಿ ಅದರ ಕೆಲಸ ಶುರುವಾಗುವಾಗ ಶಿವನಸಮುದ್ರದ ಯಂತ್ರಗಳಿಗೆ ಒಂದೇ ಸಮ ನೀರು ಕೊಡೋದೂ ಅಷ್ಟೇ ದೊಡ್ಡ ಕಾರಣವಾಗಿತ್ತು.

ಅಲ್ಲಿಂದಲೇ ಮದರಾಸಿನ ಜೊತೆ ಜಗಳ, 1924ರ ಒಪ್ಪಂದ. ಇದನ್ನು ನಿನ್ನ ಬರಹದಲ್ಲಿ ತಪ್ಪದೇ ಹಾಕು: ಆ ಒಪ್ಪಂದಕ್ಕೆ ಸಹಿ ಹಾಕಿದ್ದು ಮೈಸೂರು ಮತ್ತು ಮದರಾಸು ಮಾತ್ರ. ಕಾವೇರಿ ಹುಟ್ಟುವ ಕೊಡಗು ಆಗ ಬ್ರಿಟಿಷ್ ಚೀಫ್ ಕಮಿಷನರ್ ಆಡಳಿತದಲ್ಲಿತ್ತು, ಒಪ್ಪಂದದಲ್ಲಿ ಅದು ಪಕ್ಷವೇ ಆಗಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಕೊಡಗು ಸ್ವಲ್ಪ ಕಾಲ ಸಿ ದರ್ಜೆ ರಾಜ್ಯ, 1956ರ ನವೆಂಬರ್ 1ಕ್ಕೆ ಮೈಸೂರಿನೊಂದಿಗೆ ವಿಲೀನ. ಹಾರಂಗಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದ್ದು ಅದಾದ ಮೇಲಿನ ಮಾತು.

ಹಾರಂಗಿ, ಹೇಮಾವತಿ, ಕಬಿನಿ ಕೈಗೆತ್ತಿಕೊಂಡಾಗ ತಮಿಳುನಾಡಿನ ತಕರಾರಿತ್ತು, ಯೋಜನಾ ಆಯೋಗದ ಒಪ್ಪಿಗೆ ಸಿಗಲಿಲ್ಲ. ರಾಜ್ಯ ತನ್ನ ಬೊಕ್ಕಸದ ಹಣ ಹಾಕಿ ಕಟ್ಟಿಸಿತು. ಕೈಯಲ್ಲಿ ಹಣ ಕಡಿಮೆ, ಮೇಲೆ ವ್ಯಾಜ್ಯದ ಭಯ. ಒಂದೊಂದು ಹನಿಯೂ ನೀರಾವರಿಗೆ ಅಂತ ತೋರಿಸಿದರೆ ಮಾತ್ರ ಯೋಜನೆಗೆ ನ್ಯಾಯ ಸಿಗುವ ಕಾಲ ಅದು. ವಿದ್ಯುತ್ ಘಟಕದ ಮಾತು ಹಿಂದೆ ಬಿತ್ತು.

17 ವರ್ಷದ ಪ್ರಶ್ನೆಗೆ ಇನ್ನೊಂದು ಕಾರಣ ಕಾನೂನಿನದು. 1991ರಲ್ಲಿ ವಿದ್ಯುತ್ ಸರಬರಾಜು ಕಾಯ್ದೆಗೆ ತಿದ್ದುಪಡಿ ಬರುವ ತನಕ ಖಾಸಗಿಯವರಿಗೆ ವಿದ್ಯುತ್ ಉತ್ಪಾದನೆಯ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು. ಸರ್ಕಾರಕ್ಕೆ ಇಷ್ಟು ಚಿಕ್ಕ ಘಟಕದ ಮೇಲೆ ಆಸಕ್ತಿ ಇರಲಿಲ್ಲ. ಬಾಗಿಲು ತೆರೆದ ಮೇಲೆ ಖಾಸಗಿ ಕಂಪನಿಯೊಂದು ಬಂದು 9 ಮೆಗಾವ್ಯಾಟ್ ಘಟಕ ಹಾಕಿತು. ಜಲಾಶಯದಿಂದ ಹೇಗೂ ಕೆಳಗೆ ಬಿಡಲೇಬೇಕಾದ ನೀರನ್ನು ಪೆನ್‌ಸ್ಟಾಕ್ ಕೊಳವೆಯಲ್ಲಿ ಇಳಿಸಿ ಟರ್ಬೈನ್ ತಿರುಗಿಸೋದು, ಅಷ್ಟೇ. ಯಾವಾಗ ಎಷ್ಟು ನೀರು ಬಿಡಬೇಕು ಅನ್ನೋದನ್ನು ನೀರಾವರಿ ಲೆಕ್ಕ ಹೇಳುತ್ತೆ, ಟರ್ಬೈನ್ ಕೇಳಬೇಕು.

ನಾಲೆಬಯಲು:
ನಾನು ಪಿರಿಯಾಪಟ್ಟಣ ಕಡೆಯವ್ನು. ಸಾಹೇಬ್ರು ಹೇಳಿದ್ದು ಸರಿಯಾಗದೆ. ನಮ್ಮಪ್ಪನ ಕಾಲ್ದಲ್ಲಿ ಇಲ್ಲಿ ರಾಗಿ, ಹೊಗೆಸೊಪ್ಪು, ಮಳೆ ಬಂದ್ರೆ ಬೆಳೆ. ನಾಲೆ ಬಂದ್ಮೇಲೆ ಬತ್ತ ನೋಡುದ್ವಿ. ಹಾರಂಗಿ ಅಂದ್ರೆ ಕೊಡಗಿನೋರಿಗೆ ಅಣೆಕಟ್ಟು, ನಮಗೆ ನಾಲೆ. ಪಿರಿಯಾಪಟ್ಟಣ, ಹುಣಸೂರು, ಕೆ.ಆರ್.ನಗರ, ಅರಕಲಗೂಡು ಇಷ್ಟೂ ಕಡೆ ಅದರ ನೀರು ಓಡಾಡ್ತದೆ. ಕರೆಂಟ್‌ಗೋಸ್ಕರ ನೀರು ಬಿಡಿ ಅಂತ ಯಾರಾರ ಅಂದ್ರೆ ನಾವು ಸುಮ್ಕಿರಕ್ಕಾಯ್ತದಾ? ನಮ್ಮ ಪೈರು ಹೊಡೆ ತುಂಬೋ ಹೊತ್ನಲ್ಲಿ ನೀರಿಲ್ಲ ಅಂದ್ರೆ ಒಂದು ವರ್ಸದ ಅನ್ನ ಹೋಯ್ತು.

ಕೂಡಿಗೆ ಹುಡುಗ:
ಜಲಮಾಪಕ ಸರ್, ತುಂಬ ಉಪಕಾರವಾಯಿತು. ಒಂದು ಅನುಮಾನ. 9 ಮೆಗಾವ್ಯಾಟ್ ಅಂದರೆ ಕಡಿಮೆಯೋ ಜಾಸ್ತಿಯೋ ನನಗೆ ಗೊತ್ತಾಗ್ತಿಲ್ಲ. ಅಣೆಕಟ್ಟು ನೋಡಿದರೆ ಅಷ್ಟು ದೊಡ್ಡದಾಗಿದೆ. ಶರಾವತಿಯಲ್ಲಿ 1,035 ಮೆಗಾವ್ಯಾಟ್ ಅಂತ ಓದಿದೆ.

ಜಲಮಾಪಕ:
ಲೆಕ್ಕ ಮಾಡಿಯೇ ನೋಡೋಣ, ಕಷ್ಟವೇನಿಲ್ಲ. ನೀರಿನಿಂದ ಸಿಗುವ ಶಕ್ತಿ ಎರಡರ ಮೇಲೆ ನಿಂತಿದೆ: ಸೆಕೆಂಡಿಗೆ ಎಷ್ಟು ನೀರು, ಎಷ್ಟು ಎತ್ತರದಿಂದ. ಎತ್ತರಕ್ಕೆ ನಾವು ಹೆಡ್ ಅನ್ನುತ್ತೇವೆ. 1,000 ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಘನಮೀಟರ್. ಹಾರಂಗಿ ಕಟ್ಟೆಯ ಎತ್ತರವೇ 47 ಮೀಟರ್, ನೀರಿನ ಮಟ್ಟ ಏರಿಳಿಯುತ್ತೆ, ಹಾಗಾಗಿ 30 ಮೀಟರ್ ಹೆಡ್ ಅಂತ ಹಿಡಿದುಕೋ. ಯಂತ್ರದ ದಕ್ಷತೆ 85 ಪ್ರತಿಶತ ಅಂದುಕೊಂಡರೆ ಬರೋದು ಸುಮಾರು 7 ಮೆಗಾವ್ಯಾಟ್. ಅದೇ 1,000 ಕ್ಯೂಸೆಕ್ ಜೋಗದ 830 ಅಡಿ ಎತ್ತರದಿಂದ ಇಳಿದರೆ ಸುಮಾರು 60 ಮೆಗಾವ್ಯಾಟ್. ನೀರು ಅಷ್ಟೇ, ಎತ್ತರ ಮಾತ್ರ ಬೇರೆ.

ಇನ್ನು ಸಂಗ್ರಹ. ಹಾರಂಗಿಯಲ್ಲಿ 8.5 ಟಿಎಂಸಿ ಹಿಡಿಯುತ್ತೆ, ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಶರಾವತಿಯ ಲಿಂಗನಮಕ್ಕಿಯಲ್ಲಿ 151.75 ಟಿಎಂಸಿ, ಅಂದರೆ ಹೆಚ್ಚುಕಡಿಮೆ 18 ಹಾರಂಗಿ.

ಹಾಗಂತ 9 ಮೆಗಾವ್ಯಾಟನ್ನು ಕಡೆಗಣಿಸಬೇಡ. ಪೂರ್ತಿ ಸಾಮರ್ಥ್ಯದಲ್ಲಿ 24 ಗಂಟೆ ಓಡಿದರೆ ದಿನಕ್ಕೆ 2,16,000 ಯೂನಿಟ್. ಕಟ್ಟೆ ಮೊದಲೇ ಇತ್ತು, ಹೊಸದಾಗಿ ಒಂದು ಎಕರೆ ಮುಳುಗಿಸದೆ ಸಿಕ್ಕ ಕರೆಂಟ್ ಅದು. ಇಂಥ ಘಟಕಗಳ ಬಗ್ಗೆ ನನಗೆ ನಿಜಕ್ಕೂ ಗೌರವವಿದೆ.

ಕಾಫಿಕಣ:
ಸರ್, ಎತ್ತರದ ಮಾತು ಬಂತು ಅಂತ ಕೇಳ್ತೀನಿ. ಮಡಿಕೇರಿ ಇರೋದು ಸುಮಾರು 1,150 ಮೀಟರ್ ಮೇಲೆ, ತಲಕಾವೇರಿ 1,276 ಮೀಟರ್. ನಮ್ಮ ಹತ್ತಿರ ಎತ್ತರ ಇಲ್ಲ ಅನ್ನೋಕಾಗುತ್ತಾ?

ಜಲಮಾಪಕ:
ಎತ್ತರ ಇದೆ ಸ್ವಾಮಿ, ಆದರೆ ನೀರು ಇಳಿಯುವ ದಿಕ್ಕು ನೋಡಿ. ಕೊಡಗಿನ ಕಷ್ಟವೆಲ್ಲ ಅಲ್ಲೇ ಇದೆ. ಕಾವೇರಿ, ಹಾರಂಗಿ, ಲಕ್ಷ್ಮಣತೀರ್ಥ ಎಲ್ಲವೂ ಪೂರ್ವಕ್ಕೆ ಹರಿಯುತ್ತವೆ. ಬೆಟ್ಟದ ಬುಡ ದಾಟುತ್ತಿದ್ದಂತೆ ಪ್ರಸ್ಥಭೂಮಿ ಸಿಗುತ್ತೆ, ಹೊಳೆ ನಿಧಾನ ಆಗಿಬಿಡುತ್ತೆ. ಹಾರಂಗಿಯ ಪೂರ್ಣಮಟ್ಟ ಸಮುದ್ರ ಮಟ್ಟದಿಂದ 2,859 ಅಡಿ, ಮೀಟರಿನಲ್ಲಿ 871. ಕನ್ನಂಬಾಡಿಯ ಪೂರ್ಣಮಟ್ಟ ಸುಮಾರು 750 ಮೀಟರ್. ಕೂಡಿಗೆ, ರಾಮನಾಥಪುರ, ಕೆ.ಆರ್.ನಗರ ಎಲ್ಲ ಸುತ್ತಿಕೊಂಡು ಅಷ್ಟು ದೂರ ಹೋಗಿ ನೀರು ಇಳಿಯೋದು 120 ಮೀಟರ್ ಮಾತ್ರ. ದೊಡ್ಡ ಇಳಿಜಾರು ಇರೋದು ಘಟ್ಟದ ಪಶ್ಚಿಮ ಮಗ್ಗುಲಲ್ಲಿ. ಆ ಕಡೆ ಇಳಿಯುವ ಹೊಳೆಗಳು ನಮ್ಮ ಗಡಿಯೊಳಗೆ ಚಿಕ್ಕವು, ದೊಡ್ಡವಾಗುವ ಹೊತ್ತಿಗೆ ಕೇರಳಕ್ಕೋ ದಕ್ಷಿಣ ಕನ್ನಡಕ್ಕೋ ಸೇರಿರುತ್ತವೆ.

ಪೂರ್ವಕ್ಕೆ ಹರಿಯುವ ನೀರನ್ನೇ ತಡೆದು ಪಶ್ಚಿಮಕ್ಕೆ ತಿರುಗಿಸಿದ ಉದಾಹರಣೆ ಇದೆ, ಮಹಾರಾಷ್ಟ್ರದ ಕೊಯ್ನಾ. ಕೃಷ್ಣೆಯ ಉಪನದಿ ಅದು, ಬಂಗಾಳ ಕೊಲ್ಲಿಗೆ ಹೋಗಬೇಕಿದ್ದ ನೀರು. ಸುರಂಗ ಕೊರೆದು ಘಟ್ಟದ ಕೆಳಗೆ ಇಳಿಸಿ 1,960 ಮೆಗಾವ್ಯಾಟ್ ತೆಗೆಯುತ್ತಾರೆ, ನೀರು ಅರಬ್ಬೀ ಸಮುದ್ರ ಸೇರುತ್ತೆ. ಅದಕ್ಕೂ ಕೃಷ್ಣಾ ನ್ಯಾಯಮಂಡಳಿ ಮಿತಿ ಹಾಕಿದೆ. ಕಾವೇರಿಯಲ್ಲಿ ಅಂಥ ಯೋಚನೆ ಮಾಡೋಕೂ ಆಗಲ್ಲ. ಕಾವೇರಿ ನ್ಯಾಯಮಂಡಳಿಯ 2007ರ ಅಂತಿಮ ಐತೀರ್ಪು, 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪು ಎರಡೂ ಸೇರಿ ಕರ್ನಾಟಕಕ್ಕೆ 284.75 ಟಿಎಂಸಿ, ಗಡಿಯ ಅಳತೆ ಕೇಂದ್ರ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಅಂತ ಗೆರೆ ಎಳೆದಿವೆ. ಘಟ್ಟದ ಆಚೆ ಬಿಟ್ಟ ಪ್ರತಿ ಟಿಎಂಸಿಯೂ ಮಂಡ್ಯದ್ದೋ ತಂಜಾವೂರಿನದೋ ಆಗಿರುತ್ತೆ.

ಬ್ರಹ್ಮಗಿರಿ:
ನಾನು ದಕ್ಷಿಣ ಕೊಡಗಿನವನು. ಪಶ್ಚಿಮದ ಇಳಿಜಾರಿನ ಬಗ್ಗೆ ಸರ್ ಹೇಳಿದ್ದಕ್ಕೆ ನಮ್ಮ ಬರಪೊಳೆಯೇ ಸಾಕ್ಷಿ. ಬ್ರಹ್ಮಗಿರಿ ಕಾಡಿನಲ್ಲಿ ಹುಟ್ಟಿ, ಮಳೆಗಾಲದಲ್ಲಿ ರಾಫ್ಟಿಂಗ್‌ನವರು ಇಳಿಯುವ ಹೊಳೆ. ಅದು ಕೇರಳದ ಕಣ್ಣೂರು ಜಿಲ್ಲೆಗೆ ಇಳಿದ ಮೇಲೆ ಅಲ್ಲಿ 15 ಮೆಗಾವ್ಯಾಟ್ ಘಟಕ ಇದೆ, 5 ಮೆಗಾವ್ಯಾಟಿನ 3 ಯಂತ್ರ. 2016ರಿಂದ ನಡೀತಿದೆ.

ನನಗೆ ಅದರಲ್ಲಿ ಇಷ್ಟವಾದದ್ದು ಏನು ಅಂದರೆ, ಅಲ್ಲಿ ಅಣೆಕಟ್ಟೇ ಇಲ್ಲ. ಹೊಳೆಯ ತಳದಲ್ಲೇ ಅಡ್ಡಲಾಗಿ ಒಂದು ಕಂದಕ, ಮೇಲೆ ಕಬ್ಬಿಣದ ಸರಳುಗಳು. ಕಲ್ಲು, ಮರದ ತುಂಡು ಸರಳಿನ ಮೇಲೆ ಉರುಳಿ ಮುಂದಕ್ಕೆ ಹೋಗುತ್ತೆ, ನೀರು ಮಾತ್ರ ಕೆಳಗೆ ಬೀಳುತ್ತೆ. ಅಲ್ಲಿಂದ ಕಾಲುವೆ, ಕಾಲುವೆ ಮೇಲೆ ಸೋಲಾರ್ ಫಲಕಗಳ ಸಾಲು, ಕೊನೆಗೆ ಕೊಳವೆಯಲ್ಲಿ ಇಳಿಸಿ ಟರ್ಬೈನಿಗೆ. ಮಳೆ ಇರೋ ತಿಂಗಳುಗಳಲ್ಲಿ ಒಳ್ಳೆ ಉತ್ಪಾದನೆ, ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಯಂತ್ರ ನಿಲ್ಲುತ್ತೆ. ಆಗ ಸೋಲಾರ್ ಕೈ ಹಿಡಿಯುತ್ತೆ.

ಕಾಡು ಮುಳುಗಿಸದೆ ಆಗೋ ಕೆಲಸ ಇಷ್ಟು. ಇದಕ್ಕಿಂತ ದೊಡ್ಡದು ಬೇಕು ಅಂತ ಬ್ರಹ್ಮಗಿರಿಯ ಮಡಿಲಲ್ಲಿ ಕಟ್ಟೆ ಕಟ್ಟೋದಾದರೆ ನಾನು ಮೊದಲ ವಿರೋಧಿ. ಕಾಡು ಇರೋದರಿಂದ ಈ ಹೊಳೆ ಬೇಸಿಗೆಯಲ್ಲೂ ಅಷ್ಟೋ ಇಷ್ಟೋ ಹರಿಯೋದು.

ಕಾಫಿಕಣ:
ನಮ್ಮ ತೋಟದ ಮೇಲ್ಗಡೆ ಒಂದು ತೋಡು, ಅಂದರೆ ಸಣ್ಣ ಹಳ್ಳ ಇದೆ. ಅದಕ್ಕೆ ಪಿಕೋ ಹೈಡ್ರೋ, ಅಂದರೆ ಮನೆಮಟ್ಟದ ಪುಟ್ಟ ಜಲವಿದ್ಯುತ್ ಘಟಕ ಹಾಕಿಸಿದ್ದೀವಿ. ಹುಡುಗನ ಬರಹಕ್ಕೆ ಉಪಯೋಗ ಆಗಬಹುದು ಅಂತ ಹೇಳ್ತೀನಿ. ತೋಡಿನ ಅಂಚಿನಲ್ಲಿ ಪುಟ್ಟ ಸಿಮೆಂಟ್ ತೊಟ್ಟಿ, ತೊಟ್ಟಿಯ ಬಾಯಿಗೆ ಎಲೆ ಹೋಗದ ಹಾಗೆ ಜಾಲರಿ. ಅಲ್ಲಿಂದ ಪೈಪು ಕೆಳಗಿನ ಶೆಡ್ಡಿಗೆ ಬರುತ್ತೆ, ಸುಮಾರು 25 ಮೀಟರ್ ಇಳಿತ. ಪೈಪಿನ ತುದಿಯ ನಾಜಲ್‌ನಿಂದ ಚಿಮ್ಮುವ ನೀರು ಸಣ್ಣ ಚಕ್ರದ ಬಟ್ಟಲುಗಳಿಗೆ ಹೊಡೆಯುತ್ತೆ, ಚಕ್ರದ ಜೊತೆಗೇ ಜನರೇಟರ್. ಸೆಕೆಂಡಿಗೆ 10 ಲೀಟರ್ ಬಂದರೆ ಸುಮಾರು 1 ಕಿಲೋವ್ಯಾಟ್. ನಮ್ಮ ಮನೆಗೂ ಕೆಲಸದವರ ಲೈನ್ ಮನೆಗೂ ಬಲ್ಬು, ಒಂದು ಟಿವಿ, ಮೊಬೈಲ್ ಚಾರ್ಜಿಗೆ ಧಾರಾಳ.

ಜಾಲರಿಗೆ ಎಲೆ ಕಟ್ಟಿಕೊಂಡರೆ ಬಲ್ಬು ಮಂಕಾಗುತ್ತೆ, ಆಗ ಮಳೆಯಲ್ಲೇ ಮೇಲೆ ಹತ್ತಿ ಬಳಿದು ಬರಬೇಕು, ಜಿಗಣೆ ಕಾಟ ಬೇರೆ. ಆದರೂ ಕಕ್ಕಡದ, ಅಂದರೆ ಆಷಾಢದ ಹೊತ್ತಿನ ಮಳೆಯಲ್ಲಿ ಮರ ಬಿದ್ದು ಊರಿಗೆ ಊರೇ ಕತ್ತಲಾದಾಗ ನಮ್ಮಲ್ಲಿ ದೀಪ ಉರಿಯುತ್ತಿರುತ್ತೆ. ಹಾರಂಗಿ ಕರೆಂಟ್ ಗ್ರಿಡ್‌ಗೆ ಸೇರುತ್ತೆ, ಅಲ್ಲಿಂದ ನಮ್ಮ ಮನೆಗೆ ಬರಬೇಕಾದರೆ ಕಾಡು, ತೋಟದ ಮಧ್ಯೆ ಹಾದುಬರುವ ತಂತಿ ಗಟ್ಟಿ ಇರಬೇಕು. ಉತ್ಪಾದನೆ ಹೆಚ್ಚಾದರೆ ಕೊಡಗಿನ ಕತ್ತಲೆ ಹೋಗುತ್ತೆ ಅನ್ನೋರು ಮಳೆಗಾಲದಲ್ಲಿ ಒಬ್ಬ ಲೈನ್‌ಮನ್ ಜೊತೆ ಒಂದು ದಿನ ಓಡಾಡಲಿ. ಪಾಪ, ಅವರ ಕಷ್ಟ ಅವರಿಗೇ ಗೊತ್ತು.

ಮೈಸೂರಿನಿಂದ ಕೋಝಿಕೋಡಿಗೆ ಹೋಗುವ 400 ಕೆವಿ ಲೈನು ದಕ್ಷಿಣ ಕೊಡಗಿನ ಮೇಲೇ ಹಾದುಹೋಗುತ್ತೆ. ಅದಕ್ಕಾಗಿ ಕಡಿದ ಮರಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ಹಿನ್ನೀರು:
ಇಷ್ಟು ಹೊತ್ತು ಓದ್ತಾ ಇದ್ದೆ. ಮುಳುಗಡೆ ಆದವರ ಮಾತು ಯಾರೂ ಎತ್ತಲಿಲ್ಲ, ಅದಕ್ಕೆ ಬರೀತಿದ್ದೀನಿ. ನಮ್ಮ ತಾತನ ಮನೆ, ಗದ್ದೆ ಹಾರಂಗಿ ನೀರಿನಡಿ ಇದೆ. ತಾತ ತೀರಿಕೊಳ್ಳೋ ತನಕ ಜಲಾಶಯ ಅನ್ನೋ ಪದ ಬಳಸಲಿಲ್ಲ, ನಮ್ಮ ಗದ್ದೆ ಕಡೆ ಹೋಗಿ ಬರ್ತೀನಿ ಅಂತಲೇ ಹೊರಡುತ್ತಿದ್ದರು.

ಏಪ್ರಿಲ್, ಮೇ ಹೊತ್ತಿಗೆ ನೀರು ಇಳಿದರೆ ಹಳೇ ಗದ್ದೆಯ ಬದುಗಳು ಎದ್ದು ಕಾಣುತ್ತವೆ. ಮಣ್ಣೆಲ್ಲ ಬಿರುಕು ಬಿಟ್ಟಿರುತ್ತೆ, ಅದರ ನಡುವೆ ಬದು ಮಾತ್ರ ಸ್ವಲ್ಪ ಉಬ್ಬಿ ಹಾಗೇ ಸಾಲಾಗಿ ಹೋಗಿರುತ್ತೆ. ಒಂದು ಕಡೆ ಒರಳುಕಲ್ಲು ಇತ್ತು, ಹೂಳಿನಲ್ಲಿ ಅರ್ಧ ಹೂತುಹೋಗಿತ್ತು. 2018ರ ನಂತರ ಅದೂ ಕಾಣಲಿಲ್ಲ. ಮೇಲಿಂದ ಬಂದ ಮಣ್ಣು ಅಷ್ಟು.

ಬದಲಿಗೆ ಕೊಟ್ಟ ಜಾಗ ಕಾಡಂಚಿನದು. ಆನೆ ಬಂದು ಬಾಳೆ, ತೆಂಗು ಮುರಿಯೋದು ಲೆಕ್ಕಕ್ಕೇ ಇಲ್ಲ. ದಾಖಲೆಗಾಗಿ ಅಪ್ಪ ಕಚೇರಿಯಿಂದ ಕಚೇರಿಗೆ ಅಲೆದರು, ಈಗ ನಾನು ಅಲೀತಿದ್ದೀನಿ. ಆ ಜಾಗ ನಮ್ಮದು ಅಂತ ಹೇಳೋ ಕಾಗದ ಇಲ್ಲದಿದ್ದರೆ ಬ್ಯಾಂಕಿನಲ್ಲಿ ಬೆಳೆ ಸಾಲವೂ ಹುಟ್ಟೋದಿಲ್ಲ. ನಾಲೆಬಯಲು ಅಣ್ಣನ ಗದ್ದೆಗೆ ನೀರು ಹೋದದ್ದು ಒಳ್ಳೆಯದೇ ಆಯಿತು, ನಾನು ಅದಕ್ಕೆ ಕರುಬೋನಲ್ಲ. ಅವರ ಗದ್ದೆ ಹಸಿರಾಗಲಿ ಅಂತ ಯಾರು ಎದ್ದು ಹೋದರು ಅನ್ನೋದು ನಿನ್ನ ಬರಹದಲ್ಲಿ ಇರಲಿ ತಮ್ಮ.

ನಾಲೆಬಯಲು:
ಅಣ್ಣ, ನಿಮ್ಮ ಮಾತು ಓದಿ ಕರುಳು ಚುರ್ ಅಂತು. ನಮ್ಮೂರಲ್ಲಿ ನಾಲೆ ಪೂಜೆ ಮಾಡ್ತೀವಿ, ನೀರುಗಂಟಿಗೆ ಬತ್ತ ಕೊಡ್ತೀವಿ, ಮುಳುಗಡೆ ಆದೋರ ಹೆಸರು ಒಂದು ದಿನಾನೂ ಎತ್ತಿಲ್ಲ. ಎತ್ತಬೇಕಿತ್ತು.

ಹೊಳೆದಂಡೆ:
ನಾನು ಕುಶಾಲನಗರದಲ್ಲಿ ನದಿ ಪಕ್ಕದ ಬಡಾವಣೆಯವಳು. ಎಲ್ಲರೂ ಇತಿಹಾಸ ಬರೀತಿದ್ದೀರಿ, ನನಗೆ ಈಗಿನ ಪ್ರಶ್ನೆ ಕೇಳಬೇಕು. 2018, 2019 ಎರಡು ಆಗಸ್ಟ್ ಕೂಡ ನಮ್ಮ ಮನೆಯೊಳಗೆ ನೀರು. ಫ್ರಿಜ್ ತೇಲಾಡಿತು, ಮಕ್ಕಳ ಅಂಕಪಟ್ಟಿ ನೆನೆದು ಹಿಟ್ಟಾಯಿತು. ಜುಲೈಯಲ್ಲೇ ಜಲಾಶಯ ತುಂಬಿಸಿಕೊಂಡು ಬಾಗಿನ ಬಿಡ್ತಾರೆ, ಆಮೇಲೆ ಆಗಸ್ಟಿನಲ್ಲಿ ಮಳೆ ಬಂದರೆ ಒಳಗೆ ಜಾಗ ಎಲ್ಲಿರುತ್ತೆ? ಸ್ವಲ್ಪ ಖಾಲಿ ಇಟ್ಟುಕೊಂಡಿದ್ದರೆ ನಮಗೆ ಈ ಗತಿ ಬರ್ತಿತ್ತಾ? ಕರೆಂಟ್ ತೆಗೆಯೋ ಆಸೆಗೆ ತುಂಬಿಸಿ ಇಡ್ತಾರೆ ಅಂತ ನಮ್ಮ ಬೀದಿಯಲ್ಲಿ ಎಲ್ಲರೂ ಮಾತಾಡ್ತಾರೆ.

ಜಲಮಾಪಕ:
ತಾಯಿ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಒಂದೊಂದಾಗಿ ಹೇಳ್ತೀನಿ.

ಕರೆಂಟಿನ ಆಸೆ ಅನ್ನೋದು ನಿಲ್ಲುವ ಮಾತಲ್ಲ. 9 ಮೆಗಾವ್ಯಾಟಿಗೆ ಬೇಕಾದ ನೀರು ಸಾವಿರ ಕ್ಯೂಸೆಕ್ಕಿನ ಆಸುಪಾಸು. ಪ್ರವಾಹದ ಹೊತ್ತಿನಲ್ಲಿ ಹತ್ತಾರು ಸಾವಿರ ಕ್ಯೂಸೆಕ್ ಬರ್ತಾ ಇರುವಾಗ ಅದು ಲೆಕ್ಕಕ್ಕೇ ಬರೋದಿಲ್ಲ. ಜಲಾಶಯ ತುಂಬಿಸಿ ಇಡಲು ಒತ್ತಡ ಇರೋದು ನೀರಾವರಿಯಿಂದ.

ಎರಡನೆಯದು ನಕ್ಷೆ ನೋಡಿದರೆ ತಿಳಿಯುತ್ತೆ. ಹಾರಂಗಿ ಕಾವೇರಿಯನ್ನು ಸೇರೋದು ಕೂಡಿಗೆಯಲ್ಲಿ, ಅದು ಕುಶಾಲನಗರದಿಂದ ಕೆಳಗಡೆ. ನಿಮ್ಮ ಬಡಾವಣೆಗೆ ನುಗ್ಗಿದ್ದು ಭಾಗಮಂಡಲ, ಸಿದ್ದಾಪುರ, ದುಬಾರೆ ಕಡೆಯಿಂದ ಬಂದ ಕಾವೇರಿ. ಆ ಕಾವೇರಿಗೆ ಕೊಡಗಿನೊಳಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ, ತಡೆಯೋರು ಯಾರೂ ಇಲ್ಲ. 2019ರಲ್ಲಿ ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಮನೆಗಳು ಹೋದದ್ದು ಇದೇ ನೀರಿಗೆ, ಅಲ್ಲಿಗೆ ಹಾರಂಗಿಯ ಸಂಬಂಧವೇ ಇಲ್ಲ. ಆದರೆ ಒಂದು ಮಾತು ನಿಮ್ಮ ಕಡೆಗಿದೆ. ಅದೇ ಹೊತ್ತಿಗೆ ಹಾರಂಗಿಯಿಂದಲೂ ಗೇಟೆತ್ತಿ ಬಿಟ್ಟರೆ ಕೂಡಿಗೆಯಲ್ಲಿ ಎರಡೂ ಹೊಳೆ ಎದುರಾಗುತ್ತವೆ, ಕಾವೇರಿ ನೀರು ಸರಾಗ ಇಳಿಯದೆ ಮೇಲಕ್ಕೆ ಒತ್ತರಿಸುತ್ತೆ. ಇದನ್ನು ತಳ್ಳಿಹಾಕೋಕಾಗಲ್ಲ, ಗೇಟು ಎತ್ತುವಾಗ ಕಾವೇರಿಯ ಮಟ್ಟವನ್ನೂ ನೋಡಿಯೇ ಎತ್ತಬೇಕು.

ಮೂರನೆಯದು, ಖಾಲಿ ಜಾಗ. ಇಲ್ಲೂ ಲೆಕ್ಕವೇ ಮಾತಾಡಲಿ. ದಿನಪೂರ್ತಿ 20,000 ಕ್ಯೂಸೆಕ್ ಒಳಹರಿವು ಇದ್ದರೆ ಸುಮಾರು 1.7 ಟಿಎಂಸಿ ಸೇರುತ್ತೆ. ಪೂರ್ತಿ ಬರಿದಾದ ಹಾರಂಗಿಯೂ ಐದೇ ದಿನಕ್ಕೆ ತುಂಬುತ್ತೆ. 2 ಟಿಎಂಸಿ ಜಾಗ ಖಾಲಿ ಇಟ್ಟರೆ ಆ ಹರಿವನ್ನು 28 ಗಂಟೆ ತಡೆಯಬಹುದು. 40,000 ಕ್ಯೂಸೆಕ್ ಬಂದರೆ 14 ಗಂಟೆ. ಆಮೇಲೆ ಬಂದದ್ದೆಲ್ಲ ಬಿಡಲೇಬೇಕು. ದೊಡ್ಡ ಪ್ರವಾಹವನ್ನು ನುಂಗುವ ಹೊಟ್ಟೆ ಈ ಜಲಾಶಯಕ್ಕಿಲ್ಲ. ಆದರೂ ಆ 14 ಗಂಟೆ ಜನ ಎದ್ದು ಹೋಗೋಕೆ, ಸಾಮಾನು ಮೇಲಿಡೋಕೆ ಸಾಕು, ಅದಕ್ಕೆ ಬೆಲೆ ಕಟ್ಟೋಕಾಗಲ್ಲ. ನನ್ನ ಅಭಿಪ್ರಾಯ ಕೇಳಿದರೆ ಆಗಸ್ಟ್ ಕಳೆಯೋ ತನಕ ಜಲಾಶಯವನ್ನು ಅಂಚಿನವರೆಗೆ ತುಂಬಿಸಬಾರದು.

ನಾಲೆಬಯಲು:
ಸಾ, ಆಗಸ್ಟ್ ತನಕ ತುಂಬುಸ್ಬೇಡಿ ಅಂತೀರ. ಆಮೇಲೆ ಮಳೆ ಕೈಕೊಟ್ರೆ? ಮಳೆ ಹಿಂದೆಮುಂದೆ ಆದ ವರ್ಸ ನಾಲೆ ಕೊನೆ ಭಾಗದೋರು ಸರದಿ ಮೇಲೆ ಬಿಡೋ ಕಟ್ಟು ನೀರಿಗೆ ಕಾದು ಕಾದು ಸಾಕಾಗ್ತರೆ. ಅಕ್ಕನ ಮನೆಗೆ ನೀರು ನುಗ್ಗಬಾರ್ದು, ನಮ್ಮ ಗದ್ದೆ ಒಣಗಬಾರ್ದು. ಎರಡೂ ಆಗೋ ಹಂಗೆ ಹೇಳಿ.

ಜಲಮಾಪಕ:
ಪುಷ್ಪಗಿರಿ ಕಡೆ ಒಳ್ಳೆ ಮಳೆ ಹಿಡಿದರೆ ಹಾರಂಗಿ ಬೇಗ ತುಂಬುತ್ತೆ, ಈಗಷ್ಟೇ ಲೆಕ್ಕ ನೋಡಿದಿರಲ್ಲ, 2 ಟಿಎಂಸಿ ಅಂದರೆ ಒಂದೆರಡು ದಿನದ ಜೋರು ಮಳೆ. ಕೊಡಗಿನಲ್ಲಿ ಸೆಪ್ಟೆಂಬರಿನಲ್ಲೂ ಮಳೆ ಇದೆ. ಬಿಟ್ಟ ನೀರು ವ್ಯರ್ಥ ಆಗೋದೂ ಇಲ್ಲ, ಕೆಳಗೆ ಕನ್ನಂಬಾಡಿ ಇದೆ, 49 ಟಿಎಂಸಿ ಹಿಡಿಯುತ್ತೆ. ಆದರೆ ನಿಮ್ಮ ನಾಲೆಗೆ ಕನ್ನಂಬಾಡಿಯಿಂದ ನೀರು ಏರಿ ಬರಲ್ಲ, ಅದು ನಿಜ. ಹಾಗಾಗಿ ಮಳೆ ಮುನ್ಸೂಚನೆ ನೋಡಿಕೊಂಡು ದಿನದ ಲೆಕ್ಕದಲ್ಲಿ ನಡೆಸಬೇಕೇ ಹೊರತು ತುಂಬಿಸು ಅಥವಾ ಬರಿದು ಮಾಡು ಅನ್ನೋ ಒಂದೇ ಸೂತ್ರ ಇಲ್ಲ. ಬರಗಾಲದ ಲಕ್ಷಣ ಕಂಡ ವರ್ಷ ಜುಲೈಯಲ್ಲೇ ತುಂಬಿಸಿಕೊಳ್ಳಲಿ, ನಾನು ಬೇಡ ಅನ್ನೋನಲ್ಲ.

ಕಲ್ಲುಮಣ್ಣು:
ಭೂವಿಜ್ಞಾನ ಪಾಠ ಮಾಡುವವಳಾಗಿ ಒಂದು ವಿಷಯ ಸೇರಿಸುತ್ತೇನೆ. 2018ರ ಆಗಸ್ಟ್ 16, 17ರಂದು ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದಲ್ಲಿ ಗುಡ್ಡ ಕುಸಿದಾಗ ಹಾರಂಗಿ ತುಂಬಿದ್ದೇ ಕಾರಣ ಅನ್ನೋ ಮಾತು ಬಲವಾಗಿ ಹಬ್ಬಿತು. ಅದೇ ವರ್ಷ ಜುಲೈನಲ್ಲಿ ಸಣ್ಣ ಭೂಕಂಪ ಆಗಿದ್ದರಿಂದ ಜನ ಎರಡನ್ನೂ ಜೋಡಿಸಿದರು. ಜಲಾಶಯದಿಂದ ಭೂಮಿ ಅಲುಗಾಡೋದು ಸುಳ್ಳಲ್ಲ. ಕೊಯ್ನಾದಲ್ಲಿ 1967ರ ಡಿಸೆಂಬರ್‌ನಲ್ಲಿ ದೊಡ್ಡ ಭೂಕಂಪವೇ ಆಯಿತು, ಅಲ್ಲಿ ತುಂಬಿದ ನೀರಿನ ಭಾರ, ಬಿರುಕುಗಳೊಳಗೆ ಇಳಿದ ನೀರಿನ ಒತ್ತಡ ಕಾರಣ ಅಂತ ವಿಜ್ಞಾನಿಗಳು ಒಪ್ಪುತ್ತಾರೆ. ಆದರೆ ಕೊಯ್ನಾ ಕಟ್ಟೆಯ ಎತ್ತರ 103 ಮೀಟರ್, ಸಂಗ್ರಹ 98 ಟಿಎಂಸಿಗೂ ಮೇಲೆ. ನಮ್ಮದು 47 ಮೀಟರ್, 8.5 ಟಿಎಂಸಿ.

ಇನ್ನು ಜೋಡುಪಾಲ ಇರೋದು ಘಟ್ಟದ ಪಶ್ಚಿಮಕ್ಕೆ, ಅಲ್ಲಿನ ನೀರು ಪಯಸ್ವಿನಿಗೆ ಹೋಗುತ್ತೆ. ಹಾರಂಗಿಗೂ ಆ ಗುಡ್ಡಕ್ಕೂ ನಡುವೆ ಇಡೀ ಬೆಟ್ಟಸಾಲೇ ಇದೆ. ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯವರು ಬಂದು ನೋಡಿ ಹೇಳಿದ್ದು, ವಿಪರೀತ ಮಳೆ, ಅದರ ಜೊತೆಗೆ ರಸ್ತೆಗೆ, ಮನೆಗೆ, ಕಟ್ಟಡಕ್ಕೆ ಅಂತ ಇಳಿಜಾರನ್ನು ಕಡಿದು ಮಟ್ಟ ಮಾಡಿದ್ದು. ಬುಡ ಕಡಿದ ಇಳಿಜಾರಿಗೆ ಆಸರೆ ಹೋಗಿರುತ್ತೆ, ಮಣ್ಣು ನೀರು ಕುಡಿದು ಭಾರವಾದ ಮೇಲೆ ನಿಲ್ಲೋಕಾಗದೆ ಜಾರುತ್ತೆ. ಜೆಸಿಬಿ ತಂದು ಗುಡ್ಡ ಅಗೆಸಿದವರು ನಾವೇ, ಅದನ್ನು ಅಣೆಕಟ್ಟಿನ ತಲೆಗೆ ಕಟ್ಟಿದರೆ ಮುಂದಿನ ಗುಡ್ಡವನ್ನೂ ಅಗೆಯುತ್ತಲೇ ಇರುತ್ತೇವೆ. ಅದೇ ನನ್ನ ಭಯ.

ಸಂಬಂಧ ಇರೋದು ಉಲ್ಟಾ ದಿಕ್ಕಿನಲ್ಲಿ. ಕುಸಿದ ಗುಡ್ಡದ ಮಣ್ಣು ಹಟ್ಟಿಹೊಳೆ, ಮಾದಾಪುರ ಹೊಳೆಯಲ್ಲಿ ಇಳಿದು ಹಾರಂಗಿ ಸೇರಿತು. ಹಿನ್ನೀರು ಅವರ ಒರಳುಕಲ್ಲು ಹೂತುಹೋದದ್ದು ಹಾಗೇ. ಹೂಳು ಕುಳಿತಷ್ಟೂ ನೀರಿಗೆ ಜಾಗ ಕಡಿಮೆ, ಹೊಳೆದಂಡೆ ಅವರು ಕೇಳಿದ ಖಾಲಿ ಜಾಗವೂ ಕಡಿಮೆ.

ಹೊಳೆದಂಡೆ:
ಜಲಮಾಪಕ ಸರ್, ನಕ್ಷೆಯ ವಿಷಯ ಗಮನಿಸಿದೆ, ಒಪ್ಪಬೇಕಾದ ಮಾತೇ. ಆದರೂ ನನ್ನ ಬೇಡಿಕೆ ಬಿಡಲ್ಲ. ಆ 14 ಗಂಟೆ ನಮಗೆ ಸಿಗಬೇಕಾದರೆ ಮಾಹಿತಿ ಬರಬೇಕು. ಈಗ ಏನಾಗುತ್ತೆ? ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಹಳೇ ವಿಡಿಯೋ ಹಾಕ್ತಾರೆ, ಇನ್ನೊಬ್ಬರು ಗಾಬರಿ ಬೀಳಬೇಡಿ ಅಂತ ಬರೀತಾರೆ, ರಾತ್ರಿ ಎರಡು ಗಂಟೆಗೆ ಹಾಸಿಗೆ ಒದ್ದೆ ಆದಾಗಲೇ ನಮಗೆ ಗೊತ್ತಾಗೋದು. ಇಷ್ಟು ಕ್ಯೂಸೆಕ್ ಬಿಟ್ಟಿದ್ದೇವೆ ಅಂದರೆ ನನ್ನಂಥವರಿಗೆ ಏನೂ ಅರ್ಥ ಆಗಲ್ಲ. ಯಾವ ಬೀದಿಯ ತನಕ ನೀರು ಬರಬಹುದು ಅಂತ ಹೇಳಲಿ.

ಜಲಮಾಪಕ:
ಅದು ಆಗುವಂಥ ಕೆಲಸ. ಹಿಂದಿನ ಎರಡು ಪ್ರವಾಹದಲ್ಲಿ ಯಾವ ಮನೆಯ ಗೋಡೆಗೆ ಎಷ್ಟು ಎತ್ತರ ನೀರು ನಿಂತಿತ್ತು ಅನ್ನೋದು ನಿಮ್ಮ ಬೀದಿಯವರಿಗೆ ಗೊತ್ತು. ಆ ಗುರುತುಗಳನ್ನು ಬಣ್ಣದಲ್ಲಿ ಬರೆಸಿ, ಸೇತುವೆಯ ಕಂಬದ ಮೇಲಿನ ಅಳತೆಗೆ ಹೊಂದಿಸಿದರೆ, ಕಂಬದಲ್ಲಿ ಇಷ್ಟು ಅಡಿ ಬಂದರೆ ಇಂಥ ಬೀದಿ ಖಾಲಿ ಮಾಡಬೇಕು ಅಂತ ಪಟ್ಟಿ ಮಾಡಬಹುದು. ಊರಿನ ಸ್ಥಳೀಯ ಆಡಳಿತದ ಮುಂದೆ ಇಡೋದಾದರೆ ಪಟ್ಟಿ ಮಾಡಿಕೊಡೋಕೆ ನಾನು ಬರ್ತೀನಿ.

ಬ್ರಹ್ಮಗಿರಿ:
ಹುಡುಗನಿಗೆ ಇನ್ನೊಂದು ಸಲಹೆ. ಸಮಯವಿದ್ದರೆ ಚಿಕ್ಲಿಹೊಳೆಗೂ ಹೋಗಿ ಬಾ. 0.18 ಟಿಎಂಸಿಯ ಪುಟ್ಟ ಜಲಾಶಯ, ಗೇಟು ಎತ್ತೋ ಗೋಜಿಲ್ಲದೆ ತುಂಬಿದ ಮೇಲೆ ನೀರು ಅರ್ಧವೃತ್ತದ ಅಂಚಿನಿಂದ ತಾನಾಗೇ ಒಳಕ್ಕೆ ಧುಮುಕುತ್ತೆ. ಹಾರಂಗಿಯ ಜೊತೆ ಇಟ್ಟು ನೋಡಿದರೆ, ಗೇಟು ಇರೋ ಜಲಾಶಯಕ್ಕೂ ಇಲ್ಲದ್ದಕ್ಕೂ ವ್ಯತ್ಯಾಸ ಕಣ್ಣಾರೆ ತಿಳಿಯುತ್ತೆ. ಹಾರಂಗಿಯಲ್ಲಿ ಗೇಟೆತ್ತುವ ಹೊತ್ತನ್ನು ಮನುಷ್ಯ ತೀರ್ಮಾನಿಸುತ್ತಾನೆ, ಅದಕ್ಕೇ ಅಲ್ಲಿ ಇಷ್ಟೊಂದು ವಾದ. ಚಿಕ್ಲಿಹೊಳೆಯಲ್ಲಿ ಪಾಚಿ ಇರುತ್ತೆ, ಅಂಚಿಗೆ ಹೋಗಬೇಡ.

ಕೂಡಿಗೆ ಹುಡುಗ:
ಎಲ್ಲರಿಗೂ ಕೃತಜ್ಞತೆ. ಮೊದಲು ಬರೀ ಅಣೆಕಟ್ಟು, ಘಟಕ ಅಂತ ಎರಡು ಅಧ್ಯಾಯ ಯೋಚಿಸಿದ್ದೆ. ಈಗ ಮುಳುಗಡೆಗೆ ಒಂದು, ನಾಲೆಗೆ ಒಂದು, 2018ಕ್ಕೆ ಒಂದು ಬೇಕೇಬೇಕು. ಹಿನ್ನೀರು ಅಣ್ಣ, ನಿಮ್ಮ ಅನುಮತಿ ಇದ್ದರೆ ತಾತನ ವಿಷಯ ಹೆಸರು ಹಾಕದೆ ಬರೆಯಲೇ? ಕಾಫಿಕಣ ಸರ್, ನಿಮ್ಮ ಪಿಕೋ ಘಟಕ ಮಳೆ ಶುರುವಾದ ಮೇಲೆ ನೋಡಬಹುದಾ?

ಹಿನ್ನೀರು:
ಬರಿ ತಮ್ಮ. ಬರೆಯೋ ಮೊದಲು ಮನೆಗೆ ಬಾ, ಅಮ್ಮನ ಹತ್ತಿರ ಆಗಿನ ಕಾಲದ ನೋಟೀಸು, ಪರಿಹಾರದ ರಸೀದಿ ಎಲ್ಲ ಕಟ್ಟು ಕಟ್ಟಿ ಇಟ್ಟಿದ್ದಾರೆ. ಅದರಲ್ಲಿ ಸರ್ವೆ ನಂಬರ್ ಸಮೇತ ಇದೆ.

ಕಾಫಿಕಣ:
ಧಾರಾಳವಾಗಿ ಬಾ. ಜೂನ್ ಕೊನೆಗೆ ತೋಡು ತುಂಬಿರುತ್ತೆ. ಗಮ್ ಬೂಟ್ ಹಾಕ್ಕೊಂಡು ಬಾ, ಜಾಲರಿ ತೊಳೆಯೋ ಕೆಲಸಕ್ಕೆ ನಿನ್ನನ್ನೂ ಹತ್ತಿಸ್ತೀನಿ.